ಬಟವಾಡೆಯ ಲಕೋಟೆಯಲ್ಲಿ ಉಳಿದದ್ದೆಷ್ಟು?
(ಪಾರ್ಕ್ ರಾಯಲ್ಲಿನ ಒಬ್ಬರ ದುಡಿಮೆಯೂ ವರಮಾನ ತೆರಿಗೆಯ ಚರಿತ್ರೆಯೂ)

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಸುಂಕದ ಕಟ್ಟೆಯಲ್ಲಿ ಕುಳಿತವನು ಗಾಡಿಯಲ್ಲಿ ಹೇರಿದ ಸರಕು ಯಾವುದು, ಎಷ್ಟು ಎಂದು ನೋಡುತ್ತಾನೆಯೇ ಹೊರತು ಗಾಡಿಯವನ ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು ಎಂದು ಕೇಳುವುದಿಲ್ಲ. ಈ ಗಾದೆಯನ್ನು ಕೈಯಲ್ಲಿ ಹಿಡಿದು ಬ್ರಿಟನ್ನಿನ ವರಮಾನ ತೆರಿಗೆಯ ಚರಿತ್ರೆಯನ್ನು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಈ ತೆರಿಗೆ ಹುಟ್ಟಿದಾಗ ಬಾಯಿಗಳನ್ನು ಎಣಿಸುತ್ತಿತ್ತು. ಆಮೇಲೆ ಒಂದು ಶತಮಾನ ಎಣಿಸಲಿಲ್ಲ. ಮತ್ತೆ ಸುಮಾರು ಎಪ್ಪತ್ತು ವರ್ಷ ಎಣಿಸಿತು. ಈಗ ಬಹುಮಟ್ಟಿಗೆ ಮರೆತಿದೆ. ಮನೆಯಲ್ಲಿ ಒಬ್ಬರೇ ದುಡಿದು ಉಳಿದವರು ಆ ದುಡಿಮೆಯನ್ನೇ ನಂಬಿರುವ ಸಂಸಾರಕ್ಕೆ ಈ ಎಣಿಕೆ ಬಹಳ ಮುಖ್ಯ. ನಮ್ಮ ಸಂಘದಲ್ಲಿ ಅಂಥ ಸಂಸಾರಗಳು ಹಿಂದೆಯೂ ಇದ್ದವು, ಇಂದೂ ಇವೆ. ಆದ್ದರಿಂದ ಈ ವಿಷಯವನ್ನು ಅದರ ಮೂಲದಿಂದ ನೋಡುವುದು ಉಪಯುಕ್ತವೆಂದು ಭಾವಿಸಿದ್ದೇನೆ. ಉದಾಹರಣೆಗೆ ನಮ್ಮ ನೆರೆಯ ಪಾರ್ಕ್ ರಾಯಲ್ಲನ್ನೇ ತೆಗೆದುಕೊಳ್ಳೋಣ.

ನೆಪೋಲಿಯನ್ನನ ಕೊಡುಗೆ

ವರಮಾನ ತೆರಿಗೆ ಯುದ್ಧದ ಕೂಸು. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ಖರ್ಚಿಗೆಂದು ಪ್ರಧಾನಿ ವಿಲಿಯಂ ಪಿಟ್ 1798ರ ಡಿಸೆಂಬರಿನಲ್ಲಿ ಇದನ್ನು ಸೂಚಿಸಿದ. 1799ರಲ್ಲಿ ಜಾರಿಗೆ ಬಂತು. ವರ್ಷಕ್ಕೆ 60 ಪೌಂಡಿಗಿಂತ ಕಡಿಮೆ ವರಮಾನವಿದ್ದವರಿಗೆ ತೆರಿಗೆ ಇರಲಿಲ್ಲ. 200 ಪೌಂಡು ಮುಟ್ಟಿದವರು ನೂರಕ್ಕೆ ಹತ್ತರಂತೆ ತೆರಬೇಕಾಗಿತ್ತು. ನಡುವಿನವರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದರ. ಹೆಚ್ಚು ಮಕ್ಕಳಿದ್ದವರಿಗೆ ಪಿಟ್ ರಿಯಾಯಿತಿ ಕೊಟ್ಟಿದ್ದ ಎಂಬುದನ್ನು ಗಮನಿಸಬೇಕು. 1806ರ ಹೊತ್ತಿಗೆ ಆ ರಿಯಾಯಿತಿಯನ್ನು ತೆಗೆದುಹಾಕಿದರು.

1802ರಲ್ಲಿ ಶಾಂತಿ ಒಪ್ಪಂದವಾಗಿ ತೆರಿಗೆ ರದ್ದಾಯಿತು. ಮರುವರ್ಷವೇ ಯುದ್ಧ ಮತ್ತೆ ಹತ್ತಿಕೊಂಡಿತು. ಪ್ರಧಾನಿ ಆಡಿಂಗ್ಟನ್ ತೆರಿಗೆಯನ್ನು ಮತ್ತೆ ತಂದ. ಆದರೆ ಅವನು ಒಂದು ಮಹತ್ವದ ಬದಲಾವಣೆ ಮಾಡಿದ. ಪಿಟ್ಟನ ಕಾಲದಲ್ಲಿ ಪ್ರತಿಯೊಬ್ಬನೂ ತನ್ನ ಒಟ್ಟು ವರಮಾನವನ್ನು ತಾನೇ ಹೇಳಬೇಕಾಗಿತ್ತು. ಆಡಿಂಗ್ಟನ್ ವರಮಾನವನ್ನು ಐದು ಪಟ್ಟಿಗಳಾಗಿ ವಿಂಗಡಿಸಿ, ಸಾಧ್ಯವಾದಲ್ಲೆಲ್ಲ ಹಣ ಕೊಡುವವನೇ ತೆರಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬೇಕೆಂದು ವಿಧಿಸಿದ. ದರವನ್ನು ನೂರಕ್ಕೆ ಐದಕ್ಕೆ ಇಳಿಸಿದರೂ ಉತ್ಪತ್ತಿ ಹೆಚ್ಚು ಕಡಿಮೆ ಮೊದಲಿನಷ್ಟೇ ಬಂತು! ಹಣ ಕೈಗೆ ಸೇರುವ ಮೊದಲೇ ಹಿಡಿದುಕೊಂಡರೆ ತೆರಿಗೆ ಸೋರುವುದಿಲ್ಲ ಎಂಬ ಪಾಠವನ್ನು ಸರ್ಕಾರ ಅಂದೇ ಕಲಿಯಿತು. ಇಂದು ನಮ್ಮ ಸಂಬಳದ ಚೀಟಿಯಲ್ಲಿ ಕಾಣುವ ‘ಕಡಿತ’ ಎಂಬ ಸಾಲಿನ ಮೂಲ ಇಲ್ಲಿದೆ.

ವಾಟರ್ಲೂ ಮುಗಿದ ಮರುವರ್ಷ, 1816ರಲ್ಲಿ, ಪಾರ್ಲಿಮೆಂಟು ತೆರಿಗೆಯನ್ನು ಕಿತ್ತು ಹಾಕಿದ್ದಲ್ಲದೆ ಅದರ ಕಡತಗಳನ್ನೂ ನಾಶ ಮಾಡಬೇಕೆಂದು ಅಪ್ಪಣೆ ಮಾಡಿತು. ಜನರಿಗೆ ಅಷ್ಟು ಬೇಸರವಾಗಿತ್ತು. 1842ರಲ್ಲಿ ರಾಬರ್ಟ್ ಪೀಲ್ ‘ಮೂರೇ ವರ್ಷಕ್ಕೆ’ ಎಂದು ಹೇಳಿ ಪೌಂಡಿಗೆ 7 ಪೆನ್ಸಿನಂತೆ ಅದನ್ನು ಮತ್ತೆ ತಂದ. ಆ ಮೂರು ವರ್ಷ ಇನ್ನೂ ಮುಗಿದಿಲ್ಲ! ಇಂದಿಗೂ ವರಮಾನ ತೆರಿಗೆಯನ್ನು ಪಾರ್ಲಿಮೆಂಟು ವರ್ಷವರ್ಷವೂ ಹೊಸದಾಗಿ ಮಂಜೂರು ಮಾಡಬೇಕು. ಕಾನೂನಿನ ದೃಷ್ಟಿಯಲ್ಲಿ ಅದು ಈಗಲೂ ತಾತ್ಕಾಲಿಕವೇ. ಪೀಲನ ತೆರಿಗೆ 150 ಪೌಂಡಿಗೆ ಮೇಲ್ಪಟ್ಟ ವರಮಾನಕ್ಕೆ ಮಾತ್ರ. ಕೂಲಿಕಾರನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಜಮೀನುದಾರರು, ವರ್ತಕರು, ವಕೀಲರು ಕೊಡುವ ತೆರಿಗೆಯಾಗಿಯೇ ಅದು ಹಲವು ದಶಕ ಉಳಿಯಿತು.

ಬಾಯಿ ಎಣಿಸುವ ಕೆಲಸ ಮತ್ತೆ ಆರಂಭವಾದದ್ದು 1909ರಲ್ಲಿ. ಲಾಯ್ಡ್ ಜಾರ್ಜ್ ತನ್ನ ಪ್ರಸಿದ್ಧ ಮುಂಗಡಪತ್ರದಲ್ಲಿ ಸಣ್ಣ ವರಮಾನದವರಿಗೆ ಮಗುವೊಂದಕ್ಕೆ 10 ಪೌಂಡಿನ ರಿಯಾಯಿತಿ ಕೊಟ್ಟ. 1918ರಲ್ಲಿ ಹೆಂಡತಿಯ ಪಾಲನೆಗೂ ರಿಯಾಯಿತಿ ಬಂತು.

ನಮ್ಮ ನಾಡಿಗೆ ಬಂದ ಬಗೆ

ಇದೇ ಗಿಡದ ಟೊಂಗೆಯನ್ನು ಭಾರತದಲ್ಲಿ ನೆಟ್ಟವನು ಜೇಮ್ಸ್ ವಿಲ್ಸನ್. ‘ದಿ ಎಕಾನಮಿಸ್ಟ್’ ಪತ್ರಿಕೆಯನ್ನು 1843ರಲ್ಲಿ ಸ್ಥಾಪಿಸಿದವನೂ ಅವನೇ. 1857ರ ದಂಗೆಯ ಸಾಲವನ್ನು ತೀರಿಸುವ ಭಾರ ಅವನ ಮೇಲೆ ಬಿತ್ತು. 1860ರ ಫೆಬ್ರವರಿ 18ರಂದು ಕಲ್ಕತ್ತೆಯಲ್ಲಿ ಮುಂಗಡಪತ್ರ ಮಂಡಿಸಿ, ವರ್ಷಕ್ಕೆ 200 ರೂಪಾಯಿಗೆ ಮೇಲ್ಪಟ್ಟ ವರಮಾನಕ್ಕೆ ನೂರಕ್ಕೆ ಎರಡು, 500 ರೂಪಾಯಿಗೆ ಮೇಲ್ಪಟ್ಟದ್ದಕ್ಕೆ ನೂರಕ್ಕೆ ನಾಲ್ಕು ಎಂದು ತೆರಿಗೆ ಸೂಚಿಸಿದ. ಮದರಾಸಿನ ಗವರ್ನರ್ ಟ್ರೆವೆಲಿಯನ್ ಇದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆಯನ್ನೇ ಕಳೆದುಕೊಂಡ. ವಿಲ್ಸನ್ ಅದೇ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲೇ ಬೇನೆ ಬಿದ್ದು ತೀರಿಕೊಂಡ.

ಮುಂಬಯಿ ಆಧಿಪತ್ಯದ ಧಾರವಾಡ, ಬೆಳಗಾವಿ, ಮದರಾಸಿನ ಆಡಳಿತಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿ, ಈ ಕಡೆಯ ನಮ್ಮ ಪೂರ್ವಿಕರಿಗೆ ‘ವರಮಾನ ತೆರಿಗೆ’ಯ ಪರಿಚಯವಾದದ್ದು ಹೀಗೆ. 1865ರಲ್ಲಿ ನಿಂತು, ಮತ್ತೆ ಬಂದು, 1886ರ ಕಾಯಿದೆಯಿಂದ ಅದು ನೆಲೆಯೂರಿತು. ಆ ಕಾಯಿದೆ ಬೇಸಾಯದ ಉತ್ಪತ್ತಿಯನ್ನು ಬಿಟ್ಟುಕೊಟ್ಟಿತು. ಹಳ್ಳಿಯ ರೈತನಿಗೆ ಕಂದಾಯ ಗೊತ್ತಿತ್ತು. ವರಮಾನ ತೆರಿಗೆ ಪೇಟೆಯವರ, ನೌಕರಿಯವರ ಪಾಡಾಯಿತು. ಮೈಸೂರು ಸಂಸ್ಥಾನ 1923ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. 1950ರ ಏಪ್ರಿಲ್ 1ರಿಂದ ಭಾರತದ ಕಾಯಿದೆಯೇ ಅಲ್ಲಿಗೂ ಬಂತು. ಹೀಗೆ ಬೆಂಗಳೂರಿನಿಂದಾಗಲಿ ಹುಬ್ಬಳ್ಳಿಯಿಂದಾಗಲಿ ಹೊರಟು ಲಂಡನ್ನಿಗೆ ಬಂದ ನೌಕರಿಯವನಿಗೆ ಸಂಬಳದಲ್ಲಿ ತೆರಿಗೆ ಹಿಡಿಯುವುದು ಹೊಸದೇನೂ ಆಗಿರಲಿಲ್ಲ. ಹೊಸದಾಗಿದ್ದದ್ದು ಎಂದರೆ ಕೂಲಿಯಲ್ಲೂ ಹಿಡಿಯುತ್ತಾರೆ ಎಂಬುದು.

ಪಾರ್ಕ್ ರಾಯಲ್ ಮತ್ತು ಯುದ್ಧದ ತೆರಿಗೆ

ಪಾರ್ಕ್ ರಾಯಲ್ ಎಂಬ ಹೆಸರು ಕೇಳಿ ಅರಮನೆಯ ಉದ್ಯಾನವನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಗುತ್ತದೆ. ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ತನ್ನ ವಾರ್ಷಿಕ ಕೃಷಿ ಪ್ರದರ್ಶನಕ್ಕೆ ಶಾಶ್ವತ ನೆಲೆಯಾಗಲಿ ಎಂದು ಇಲ್ಲಿ ಜಾಗ ಕೊಂಡು 1903ರಿಂದ 1905ರವರೆಗೆ ಮೂರು ವರ್ಷ ಜಾತ್ರೆ ನಡೆಸಿತು. ನಷ್ಟವಾಗಿ ಬಿಟ್ಟಿತು. ಹೆಸರು ಮಾತ್ರ ಉಳಿಯಿತು. ರೈಲು, ಕಾಲುವೆ, ಆಮೇಲೆ ವೆಸ್ಟರ್ನ್ ಅವೆನ್ಯೂ ರಸ್ತೆ, ಇವುಗಳ ಅನುಕೂಲದಿಂದ ಎರಡು ಮಹಾಯುದ್ಧಗಳ ನಡುವೆ ಇಲ್ಲಿ ಕಾರ್ಖಾನೆಗಳು ಅಣಬೆಯಂತೆ ಎದ್ದವು. ಪಕ್ಕದ ಹಾರ್ಲ್ಸ್‌ಡೆನ್ನಿನಲ್ಲಿ ಮೆಕ್‌ವಿಟೀಸ್ ಬಿಸ್ಕತ್ತು, ಹೈಂಜ್ ಡಬ್ಬಿ ಆಹಾರ. ಇಲ್ಲಿ 1936ರಲ್ಲಿ ತೆರೆದು 2005ರಲ್ಲಿ ಮುಚ್ಚಿದ ಗಿನ್ನೆಸ್ ಬಿಯರ್ ಕಾರ್ಖಾನೆ. ಲಂಡನ್ನಿನ ಕೆಂಪು ರೂಟ್‌ಮಾಸ್ಟರ್ ಬಸ್ಸುಗಳ ಮೈ ಕಟ್ಟಿ 1980ರಲ್ಲಿ ಬಾಗಿಲು ಹಾಕಿದ ಪಾರ್ಕ್ ರಾಯಲ್ ವೆಹಿಕಲ್ಸ್. ಆಕ್ಟನ್ ಲೇನಿನ ಸೆಂಟ್ರಲ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯೂ ಈ ಪ್ರದೇಶದ್ದೇ.

ಎರಡನೆಯ ಮಹಾಯುದ್ಧ ಬಂದಾಗ ಬಸ್ಸಿನ ಮೈ ಕಟ್ಟುತ್ತಿದ್ದ ಕೈಗಳು ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನದ ಭಾಗಗಳನ್ನು ಕಟ್ಟತೊಡಗಿದವು. ಓವರ್‌ಟೈಮಿನಿಂದ ಕೂಲಿ ಏರಿತು. ಜೊತೆಗೇ ತೆರಿಗೆ ಕಾರ್ಖಾನೆಯ ಬಾಗಿಲಿಗೆ ಬಂತು. 1941ರಲ್ಲಿ ಅರ್ಥಮಂತ್ರಿ ಕಿಂಗ್ಸ್‌ಲಿ ವುಡ್, ಕೇನ್ಸನ ಆಲೋಚನೆಗಳ ಬೆಂಬಲದಿಂದ, ಸಾಮಾನ್ಯ ದರವನ್ನು ಪೌಂಡಿಗೆ 10 ಶಿಲಿಂಗಿಗೆ, ಅಂದರೆ ಅರ್ಧಕ್ಕೆ ಅರ್ಧ, ಏರಿಸಿದ. ತೆರಿಗೆಗೆ ಒಳಪಡುವ ಮೊದಲ 165 ಪೌಂಡಿಗೆ ಮಾತ್ರ ಆರೂವರೆ ಶಿಲಿಂಗು. ಒಂಟಿಯ ರಿಯಾಯಿತಿ 80 ಪೌಂಡು, ವಿವಾಹಿತನದು 140, ಮಗುವೊಂದಕ್ಕೆ 50. ಇದಲ್ಲದೆ ದುಡಿದ ವರಮಾನದಲ್ಲಿ ಹತ್ತರಲ್ಲೊಂದು ಪಾಲು ವಜಾ.

ಪಾರ್ಕ್ ರಾಯಲ್ಲಿನಲ್ಲಿ ವಾರಕ್ಕೆ 5 ಪೌಂಡು, ವರ್ಷಕ್ಕೆ 260 ಪೌಂಡು ದುಡಿಯುವ ಮೂವರನ್ನು ಊಹಿಸಿಕೊಳ್ಳಿ. ಒಂಟಿಗನಿಗೆ 260ರಲ್ಲಿ 26 ಮತ್ತು 80 ಕಳೆದು ಉಳಿದ 154 ಪೌಂಡಿಗೆ ತೆರಿಗೆ ಸುಮಾರು 50 ಪೌಂಡು. ವಾರದ ಐದರಲ್ಲಿ ಒಂದು ಪೌಂಡು ಹೋಯಿತು. ಮಕ್ಕಳಿಲ್ಲದ ವಿವಾಹಿತನಿಗೆ ಸುಮಾರು 30 ಪೌಂಡು. ಹೆಂಡತಿ, ಎರಡು ಮಕ್ಕಳಿದ್ದವನಿಗೆ ಏನೂ ಇಲ್ಲ! ಕೆಲಸ ಒಂದೇ, ಕೂಲಿ ಒಂದೇ. ಮನೆಗೆ ಒಯ್ಯುವ ಹಣ ಮಾತ್ರ ಮೂರು ಬಗೆ. ಇಡೀ ಚರಿತ್ರೆಯಲ್ಲಿ ಅತ್ಯಂತ ಕಠಿಣವಾದ ಈ ತೆರಿಗೆ, ಬಾಯಿಗಳನ್ನು ಅತ್ಯಂತ ಎಚ್ಚರದಿಂದ ಎಣಿಸಿದ ತೆರಿಗೆಯೂ ಆಗಿತ್ತು.

ದುಡಿದಂತೆ ತೆರುವುದು

ಕಷ್ಟವಿದ್ದದ್ದು ವಸೂಲಿಯಲ್ಲಿ. 1940ರಿಂದ ಮಾಲೀಕರು ಕೂಲಿಯಲ್ಲಿ ತೆರಿಗೆ ಹಿಡಿಯುತ್ತಿದ್ದರು. ಆದರೆ ಈ ಹೊತ್ತು ಹಿಡಿಯುತ್ತಿದ್ದದ್ದು ಹಿಂದಿನ ಅರ್ಧ ವರ್ಷದ ದುಡಿಮೆಯ ತೆರಿಗೆಯನ್ನು. ಓವರ್‌ಟೈಮು ನಿಂತು ಕೂಲಿ ಇಳಿದ ವಾರಗಳಲ್ಲೇ ಹಳೆಯ ದೊಡ್ಡ ತೆರಿಗೆ ಬಂದು ಕೂರುತ್ತಿತ್ತು. ಯುದ್ಧ ಮುಗಿದು ಕೆಲಸ ಹೋದರೆ ಗತಿಯೇನು ಎಂಬ ಭಯ ಕಾರ್ಮಿಕರಿಗೂ ಇತ್ತು, ಖಜಾನೆಗೂ ಇತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದೇ ಪಿ.ಎ.ವೈ.ಇ., ‘ದುಡಿದಂತೆ ತೆರು’ ಎಂಬ ಏರ್ಪಾಟು. ಇದನ್ನು ರೂಪಿಸಿದವರಲ್ಲಿ ಪ್ರಮುಖನಾದ ಪಾಲ್ ಚೇಂಬರ್ಸ್ ನಮಗೆ ಪೂರ್ತಿ ಅಪರಿಚಿತನಲ್ಲ. 1935ರಲ್ಲಿ ನೇಮಕವಾದ ಭಾರತದ ವರಮಾನ ತೆರಿಗೆ ವಿಚಾರಣಾ ಸಮಿತಿಯ ಮೂವರು ಸದಸ್ಯರಲ್ಲಿ ಅವನೊಬ್ಬ. 1937ರಿಂದ 1940ರವರೆಗೆ ಭಾರತ ಸರ್ಕಾರದ ವರಮಾನ ತೆರಿಗೆ ಸಲಹೆಗಾರನಾಗಿದ್ದ. ಆ ಸಮಿತಿಯ ವರದಿಯ ಫಲವಾಗಿಯೇ 1939ರಲ್ಲಿ ಭಾರತದ ಕಾಯಿದೆ ತಿದ್ದುಪಡಿಯಾಗಿ, ವರಮಾನವನ್ನು ತುಂಡು ತುಂಡಾಗಿ ಮಾಡಿ ಒಂದೊಂದು ತುಂಡಿಗೆ ಒಂದೊಂದು ದರ ಹಾಕುವ ಪದ್ಧತಿ ಬಂತು. ಊರಿನಲ್ಲಿ ನಮ್ಮ ಅಣ್ಣತಮ್ಮಂದಿರು ಇಂದಿಗೂ ‘ಸ್ಲ್ಯಾಬ್’ ಎಂದು ಹೇಳುವುದು ಅದನ್ನೇ. ಇದೇ ಚೇಂಬರ್ಸ್ ಮುಂದೆ ರಾಸಾಯನಿಕ ಉದ್ಯಮದ ದೈತ್ಯ ಐ.ಸಿ.ಐ.ಯನ್ನು ಸೇರಿ 1960ರಿಂದ 1968ರವರೆಗೆ ಅದರ ಅಧ್ಯಕ್ಷನಾದ. ರಸಾಯನಶಾಸ್ತ್ರದ ನಮ್ಮಂಥವರಿಗೆ ಅವನ ಹೆಸರು ತಿಳಿದಿರುವುದು ಆ ಕಾರಣಕ್ಕೆ. ಪ್ರತಿ ತಿಂಗಳೂ ನಮ್ಮ ಸಂಬಳಕ್ಕೆ ಕತ್ತರಿ ಹಾಕುವ ಯಂತ್ರವೂ ಅವನದೇ ಎಂಬುದು ಅನೇಕರಿಗೆ ಗೊತ್ತಿಲ್ಲ.

1943ರ ಸೆಪ್ಟೆಂಬರ್ 21ರಂದು ಈ ಯೋಜನೆಯನ್ನು ಕಾಮನ್ಸ್ ಸಭೆಯಲ್ಲಿ ಪ್ರಕಟಿಸಬೇಕಾಗಿದ್ದ ಕಿಂಗ್ಸ್‌ಲಿ ವುಡ್ ಅದೇ ದಿನ ಬೆಳಿಗ್ಗೆ ಹಠಾತ್ತಾಗಿ ತೀರಿಕೊಂಡ. ಅವನ ಜಾಗಕ್ಕೆ ಬಂದ ಸರ್ ಜಾನ್ ಆಂಡರ್ಸನ್ ಹಿಂದೆ ಬಂಗಾಳದ ಗವರ್ನರ್ ಆಗಿದ್ದವನು. ಅವನ ಕಾಲದಲ್ಲಿ, 1944ರ ಏಪ್ರಿಲ್ 6ರಂದು, ಪಿ.ಎ.ವೈ.ಇ. ಜಾರಿಗೆ ಬಂತು. (ಏಪ್ರಿಲ್ 6 ಯಾಕೆ ಎಂದು ಕೇಳುವವರಿದ್ದಾರೆ. ಹಳೆಯ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಹೆಚ್ಚು ಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. 1752ರಲ್ಲಿ ಪಂಚಾಂಗ ಬದಲಾಗಿ 11 ದಿನ ಬಿಟ್ಟುಹೋದಾಗ, ಖಜಾನೆಯವರು ದಿನ ಬಿಡಲೊಪ್ಪದೆ ಲೆಕ್ಕವನ್ನು ಏಪ್ರಿಲ್ 5ಕ್ಕೆ ತಳ್ಳಿದರು.)

ಈ ಏರ್ಪಾಟಿನ ಜಾಣತನವೆಲ್ಲ ಇರುವುದು ಒಟ್ಟು ಲೆಕ್ಕದಲ್ಲಿ. ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನಿಂದ ದ್ರಾವಣ ಇಳಿಸುವಾಗ ಈಗ ಎಷ್ಟು ತೊಟ್ಟು ಬಿತ್ತು ಎಂದು ಎಣಿಸುವುದಿಲ್ಲ. ಮೊದಲಿನಿಂದ ಒಟ್ಟು ಎಷ್ಟು ಇಳಿದಿದೆ ಎಂದು ಗೆರೆ ನೋಡುತ್ತೇವೆ. ಹಾಗೆಯೇ ಪ್ರತಿ ಬಟವಾಡೆಯಲ್ಲೂ ಏಪ್ರಿಲಿನಿಂದ ಈವರೆಗೆ ದುಡಿದದ್ದೆಷ್ಟು, ಈವರೆಗೆ ಸಲ್ಲಬೇಕಾದ ರಿಯಾಯಿತಿ ಎಷ್ಟು, ಈವರೆಗೆ ತೆತ್ತದ್ದೆಷ್ಟು ಎಂದು ನೋಡಿ ವ್ಯತ್ಯಾಸವನ್ನು ಮಾತ್ರ ಹಿಡಿಯುತ್ತಾರೆ. ದುಡಿಮೆ ಇಳಿದರೆ ತೆರಿಗೆಯೂ ಆಗಿಂದಾಗಲೇ ಇಳಿಯುತ್ತದೆ. ಒಮ್ಮೊಮ್ಮೆ ಹಣ ವಾಪಸೂ ಬರುತ್ತದೆ. ಊರಿನಿಂದ ಅಕ್ಟೋಬರಿನಲ್ಲಿ ಬಂದು ಕೆಲಸಕ್ಕೆ ಸೇರಿದವರಿಗೆ ಮೊದಲ ತಿಂಗಳು ತೆರಿಗೆಯೇ ಇಲ್ಲದೆ ಸಂಬಳ ಬಂದರೆ ಗಾಬರಿಯಾಗಬೇಕಿಲ್ಲ. ಇಡೀ ವರ್ಷದ ರಿಯಾಯಿತಿ ಅವರಿಗೆ ಸಲ್ಲುತ್ತದೆ. ಕಳೆದ ತಿಂಗಳುಗಳ ಪಾಲು ಒಟ್ಟಿಗೆ ಬಂದಿರುತ್ತದೆ. ತೆರಿಗೆ ಕೋಡಿನ ಕೊನೆಯಲ್ಲಿರುವ ಎಲ್ ಅಕ್ಷರ ಹಳೆಯ ಕಾಲದ ಪಳೆಯುಳಿಕೆ. ಒಂಟಿಯವರಿಗೆ ಕೆಳಗಿನ ರಿಯಾಯಿತಿ ಎಂದು ಎಲ್, ವಿವಾಹಿತರಿಗೆ ಮೇಲಿನದು ಎಂದು ಎಚ್ ಎಂದು ಬರೆಯುತ್ತಿದ್ದರು. ಎಚ್ ಹೋಯಿತು. ಈಗ 1257 ಎಲ್ ಎಂಬುದರಲ್ಲಿ ಮದುವೆಯಾದವರೂ ಆಗದವರೂ ಒಂದೇ.

1976ರ ಒಂದು ವಾರದ ಸಂಬಳ

ನಮ್ಮ ಹಿರಿಯ ಸದಸ್ಯರಿಗೆ ನೆನಪಿರುವ ಕಾಲಕ್ಕೆ ಬರೋಣ. ಪಾರ್ಕ್ ರಾಯಲ್ಲಿನ ಕಾರ್ಖಾನೆಗಳಲ್ಲಿ ಐರಿಷರು, ವೆಸ್ಟ್ ಇಂಡೀಸಿನವರು, ಭಾರತೀಯರು, ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿಗಳು ಭುಜಕ್ಕೆ ಭುಜ ತಾಗಿಸಿ ದುಡಿಯುತ್ತಿದ್ದ ದಿನಗಳವು. 1976ರ ಆಗಸ್ಟಿನಲ್ಲಿ ಹತ್ತಿರದ ವಿಲ್ಸ್‌ಡೆನ್ನಿನ ಗ್ರನ್ವಿಕ್ ಫೋಟೋ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿಯವರ ಮುಂದಾಳುತನದಲ್ಲಿ ಪ್ರಸಿದ್ಧ ಮುಷ್ಕರ ಆರಂಭವಾಯಿತು. ಅಂದಿನ ಕಡಿಮೆ ಕೂಲಿಯ ಮಾತು ಬಂದಾಗ ಆ ಕೂಲಿಯ ಮೇಲಿನ ತೆರಿಗೆಯನ್ನೂ ನೋಡಬೇಕು.

1976–77ರಲ್ಲಿ ಮೂಲ ದರ ನೂರಕ್ಕೆ 35. ಅದಕ್ಕಿಂತ ಕೆಳಗಿನ ದರವೇ ಇರಲಿಲ್ಲ. ರಿಯಾಯಿತಿ ದಾಟಿದ ಮೊದಲ ಪೌಂಡಿಗೇ 35 ಪೆನ್ಸು ಹೋಗುತ್ತಿತ್ತು. ಒಂಟಿಯವರ ರಿಯಾಯಿತಿ 735 ಪೌಂಡು, ವಿವಾಹಿತ ಗಂಡಸಿನದು 1,085. ಹನ್ನೊಂದು ವರ್ಷದೊಳಗಿನ ಮಗುವೊಂದಕ್ಕೆ 300. ರಾಷ್ಟ್ರೀಯ ವಿಮೆ ನೂರಕ್ಕೆ ಐದೂಮುಕ್ಕಾಲು. ಅಂದಿನ ಗಂಡಸಿನ ಸರಾಸರಿ ಸಂಬಳಕ್ಕಿಂತ ಸ್ವಲ್ಪ ಕಡಿಮೆಯಾದ ವಾರಕ್ಕೆ 60 ಪೌಂಡಿನ ದುಡಿಮೆಯನ್ನು ತೆಗೆದುಕೊಂಡರೆ ಕೈಗೆ ಬರುತ್ತಿದ್ದದ್ದು ಇಷ್ಟು:

ಒಂಟಿಯವನಿಗೆ — 40 ಪೌಂಡು 50 ಪೆನ್ಸು.
ಹೆಂಡತಿ ಮಾತ್ರ ಇದ್ದವನಿಗೆ — 42 ಪೌಂಡು 85 ಪೆನ್ಸು.
ಹೆಂಡತಿ ಜೊತೆಗಿದ್ದು ಎರಡು ಸಣ್ಣ ಮಕ್ಕಳು ಊರಿನಲ್ಲಿದ್ದವನಿಗೆ — 46 ಪೌಂಡು 89 ಪೆನ್ಸು.

ವಾರಕ್ಕೆ 30 ಪೌಂಡು ಮಾತ್ರ ದುಡಿಯುವ ಒಂಟಿಯವರ ಕೈಗೂ 22 ಪೌಂಡು 72 ಪೆನ್ಸು ಮಾತ್ರ. ನಾಲ್ಕರಲ್ಲಿ ಒಂದು ಪಾಲು ಬಡವರಿಂದಲೇ ಹೋಗುತ್ತಿತ್ತು.

ಮೂರನೆಯ ಸಾಲನ್ನು ನೋಡಿ. ಮಕ್ಕಳು ಬ್ರಿಟನ್ನಿನಲ್ಲೇ ಇರಬೇಕೆಂಬ ನಿಯಮ ಅಂದಿನ ತೆರಿಗೆ ರಿಯಾಯಿತಿಗೆ ಇರಲಿಲ್ಲ. ಅವರ ಪಾಲನೆಯ ಖರ್ಚು ಹೊತ್ತಿದ್ದರೆ ಸಾಕು. ಅಜ್ಜಿಯ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವರಿಗೆ ಈ ನಾಲ್ಕು ಪೌಂಡು ಊರಿಗೆ ಕಳಿಸುವ ಹಣಕ್ಕೆ ಆಸರೆಯಾಗಿತ್ತು. ಊರಿನಲ್ಲಿ ತಂದೆ ತಾಯಿಯರನ್ನು ಸಾಕುತ್ತಿದ್ದವರಿಗೂ ಅವಲಂಬಿತ ಬಂಧುಗಳ ಹೆಸರಿನಲ್ಲಿ ಒಂದು ಸಣ್ಣ ರಿಯಾಯಿತಿ ಇತ್ತು; 1988ರಲ್ಲಿ ಅದನ್ನು ತೆಗೆದರು. ಕಡಲಾಚೆಯ ಮನೆಯ ಬಾಯಿಗಳನ್ನೂ ಲಂಡನ್ನಿನ ತೆರಿಗೆ ಕಚೇರಿ ಎಣಿಸುತ್ತಿದ್ದ ಕಾಲವೊಂದಿತ್ತು ಎಂದರೆ ಇಂದು ಬಂದವರು ನಂಬಲಾರರು.

ಜೇಬಿನಿಂದ ಸಂಚಿಗೆ

ಮಕ್ಕಳ ರಿಯಾಯಿತಿಗೆ ಒಂದು ದೋಷವಿತ್ತು. ಅದು ತಂದೆಯ ಲಕೋಟೆಯಲ್ಲಿ ಬರುತ್ತಿತ್ತು. ಅಡಿಗೆಮನೆಗೆ ಎಷ್ಟು ತಲುಪುತ್ತದೆ ಎಂಬುದು ತಂದೆಯ ಗುಣವನ್ನು ಅವಲಂಬಿಸಿತ್ತು. ತೆರಿಗೆಗೆ ಒಳಪಡದಷ್ಟು ಬಡವನಿಗೆ ಅದರಿಂದ ಬಿಡಿಕಾಸೂ ಸಿಗುತ್ತಿರಲಿಲ್ಲ. ಹಣ ತಾಯಿಯ ಕೈಗೇ ಸೇರಬೇಕು ಎಂದು ದಶಕಗಳ ಕಾಲ ಹೋರಾಡಿದವಳು ಎಲಿನರ್ ರ‍್ಯಾತ್‌ಬೋನ್. ಭಾರತದ ಬಾಲ್ಯವಿವಾಹದ ವಿರುದ್ಧ 1934ರಲ್ಲಿ ಪುಸ್ತಕ ಬರೆದವಳೂ ಈಕೆಯೇ. 1946ರ ಆಗಸ್ಟಿನಿಂದ ಎರಡನೆಯ ಮಗುವಿನಿಂದ ಮುಂದಕ್ಕೆ ವಾರಕ್ಕೆ 5 ಶಿಲಿಂಗಿನಂತೆ ತಾಯಿಗೆ ಕೊಡತೊಡಗಿದರು. ಅದನ್ನು ನೋಡಲು ಎಲಿನರ್ ಬದುಕಿರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದಳು.

ತಂದೆಯ ರಿಯಾಯಿತಿ, ತಾಯಿಯ ಭತ್ಯ ಎರಡನ್ನೂ ಸೇರಿಸಿ ಎಲ್ಲ ಮಕ್ಕಳಿಗೂ ‘ಚೈಲ್ಡ್ ಬೆನಿಫಿಟ್’ ಕೊಡುವ ಕಾಯಿದೆ 1975ರಲ್ಲಿ ಆಯಿತು. ಆದರೆ 1976ರಲ್ಲಿ ಮಂತ್ರಿಮಂಡಲ ಹಿಂಜರಿಯಿತು. ತಾಯಿಗೆ ಹೆಚ್ಚು ಕೊಟ್ಟರೆ ತಂದೆಯ ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ, ಕೂಲಿಗೆ ಮಿತಿ ಹಾಕಿದ ಕಾಲದಲ್ಲಿ ಕಾರ್ಮಿಕ ಸಂಘಗಳು ಒಪ್ಪುವುದಿಲ್ಲ ಎಂಬುದು ಅವರ ಭಯ. ಈ ಗುಟ್ಟಿನ ಕಾಗದಗಳು ಫ್ರಾಂಕ್ ಫೀಲ್ಡ್ ಅವರ ಕೈಗೆ ಸಿಕ್ಕಿ 1976ರ ಜೂನ್ 17ರಂದು ‘ನ್ಯೂ ಸೊಸೈಟಿ’ ಪತ್ರಿಕೆಯಲ್ಲಿ ಬಯಲಾದವು. ಗದ್ದಲವಾಗಿ ಸರ್ಕಾರ ಮಣಿಯಿತು. 1977ರಿಂದ ಹಂತ ಹಂತವಾಗಿ ಜಾರಿಯಾಗಿ, 1979ರ ಏಪ್ರಿಲಿನಲ್ಲಿ ಮಗುವೊಂದಕ್ಕೆ ವಾರಕ್ಕೆ 4 ಪೌಂಡು ತಾಯಿಯ ಕೈಗೆ ಬಂತು. ತಂದೆಯ ತೆರಿಗೆ ರಿಯಾಯಿತಿ ಹೋಯಿತು. ಹಣ ಗಂಡನ ಜೇಬಿನಿಂದ ಹೆಂಡತಿಯ ಸಂಚಿಗೆ ಬಂತು ಎಂದು ಇಲ್ಲಿಯವರು ಇದನ್ನು ಕೊಂಡಾಡಿದರು. ಕೊಂಡಾಡತಕ್ಕದ್ದೇ.

ಆದರೆ ಹೊಸ ಬೆನಿಫಿಟ್ಟಿಗೆ ಮಗು ಈ ದೇಶದಲ್ಲಿರಬೇಕು. ಮಕ್ಕಳನ್ನು ಊರಿನಲ್ಲಿ ಬಿಟ್ಟವರಿಗೆ ಹಳೆಯ ರಿಯಾಯಿತಿ ಸ್ವಲ್ಪ ಕಾಲ ಮುಂದುವರಿದು ಆಮೇಲೆ ನಿಂತಿತು. ಹೊಸದು ಸಿಗಲೇ ಇಲ್ಲ. ಎಲ್ಲರಿಗೂ ಒಳ್ಳೆಯದಾದ ಸುಧಾರಣೆಯಲ್ಲಿ ಸದ್ದಿಲ್ಲದೆ ಕಳೆದುಕೊಂಡವರು ನಮ್ಮಂಥ ವಲಸಿಗರು. ಆ ನಷ್ಟದ ವಿಷಯ ಪತ್ರಿಕೆಗಳಲ್ಲಿ ಹೆಚ್ಚು ಬರಲಿಲ್ಲ. ಅಜ್ಜಿಗೆ ಹೋಗುವ ಮನಿಯಾರ್ಡರು ಮಾತ್ರ ಅಷ್ಟು ತೆಳ್ಳಗಾಯಿತು.

ಗಂಡನ ವರಮಾನ, ಹೆಂಡತಿಯ ವರಮಾನ

ವಿವಾಹಿತನಿಗೆ ಹೆಚ್ಚು ರಿಯಾಯಿತಿ ಕೊಟ್ಟ ಅದೇ ಕಾನೂನು, ಹೆಂಡತಿಯ ವರಮಾನವೆಲ್ಲ ಗಂಡನದೇ ಎಂದು ಭಾವಿಸಿತ್ತು. ಅವಳ ಉಳಿತಾಯದ ಬಡ್ಡಿಯ ಲೆಕ್ಕವನ್ನೂ ಅವನೇ ಬರೆದು ಸಹಿ ಹಾಕಬೇಕು. ತೆರಿಗೆ ಕಚೇರಿಗೆ ಹೆಂಗಸು ಕಾಗದ ಬರೆದರೆ ಉತ್ತರ ಅವಳ ಗಂಡನಿಗೆ ಹೋಗುತ್ತಿತ್ತು. 1970ರ ದಶಕದ ಕೊನೆಯವರೆಗೂ ಇದೇ ಪದ್ಧತಿ. ಸೆಂಟ್ರಲ್ ಮಿಡ್ಲ್‌ಸೆಕ್ಸಿನಂಥ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಡಾಕ್ಟರಮ್ಮನೂ ತೆರಿಗೆಯ ಕಡತದಲ್ಲಿ ಯಜಮಾನರ ಬಾಲವಾಗಿಯೇ ಇದ್ದಳು.

ಅರ್ಥಮಂತ್ರಿ ನೈಜೆಲ್ ಲಾಸನ್ 1988ರ ಮುಂಗಡಪತ್ರದಲ್ಲಿ ಇದಕ್ಕೆ ಕೊನೆ ಹಾಡಿದ. 1990ರ ಏಪ್ರಿಲ್ 6ರಿಂದ ಗಂಡ ಹೆಂಡಿರು ಬೇರೆ ಬೇರೆ ತೆರಿಗೆದಾರರಾದರು. ಒಬ್ಬರು ಬಳಸದ ರಿಯಾಯಿತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಸಲಹೆ 1986ರಲ್ಲೇ ಅವನಿಂದ ಬಂದಿತ್ತು, ಕೈಗೂಡಲಿಲ್ಲ. ಬದಲಿಗೆ ವಿವಾಹಿತ ದಂಪತಿಗಳಿಗೆ 1,720 ಪೌಂಡಿನ ಒಂದು ಹೆಚ್ಚುವರಿ ರಿಯಾಯಿತಿ ಇಟ್ಟರು. ಅದನ್ನು 1994ರಿಂದ ವರ್ಷ ವರ್ಷ ಹಿಂಡುತ್ತಾ ಬಂದು, 1999–2000ರ ಹೊತ್ತಿಗೆ ಅದರ ಬೆಲೆ ವರ್ಷಕ್ಕೆ 197 ಪೌಂಡಿಗೆ ಇಳಿದಿತ್ತು. 2000ದ ಏಪ್ರಿಲಿನಲ್ಲಿ, ತೀರ ವಯಸ್ಸಾದವರಿಗೆ ಬಿಟ್ಟು ಉಳಿದವರಿಗೆ, ಅದೂ ಹೋಯಿತು.

ಇಂದಿನ ಲೆಕ್ಕ

ಮೂಲ ದರ 1979ರಲ್ಲಿ 30ಕ್ಕೆ, 1988ರಲ್ಲಿ 25ಕ್ಕೆ, 2008ರಲ್ಲಿ 20ಕ್ಕೆ ಇಳಿಯಿತು. 2025–26ರಲ್ಲಿ ವರ್ಷಕ್ಕೆ 30,000 ಪೌಂಡು ದುಡಿಯುವವರ ಕೈಗೆ ತೆರಿಗೆ ಮತ್ತು ವಿಮೆ ಕಳೆದು ಸುಮಾರು 25,120 ಪೌಂಡು ಬರುತ್ತದೆ. ನೂರಕ್ಕೆ ಸುಮಾರು 84. 1976ರ ನಮ್ಮ ವಿವಾಹಿತ ಕಾರ್ಮಿಕನಿಗೆ ಬಂದದ್ದು ನೂರಕ್ಕೆ 71. ಇದನ್ನು ಕೇಳಿ ಸಂತೋಷಪಡುವ ಮೊದಲು ವ್ಯಾಟ್ ನೆನಪಿರಲಿ: 1976ರಲ್ಲಿ ಸಾಮಾನ್ಯ ದರ 8, 1979ರಲ್ಲಿ 15, 2011ರಿಂದ 20. ಸಂಬಳದ ಲಕೋಟೆಯಲ್ಲಿ ಬಿಟ್ಟುಕೊಟ್ಟದ್ದರಲ್ಲಿ ಒಂದು ಪಾಲನ್ನು ಅಂಗಡಿಯ ಗಲ್ಲಾದಲ್ಲಿ ವಸೂಲು ಮಾಡುತ್ತಾರೆ. ಜೊತೆಗೆ 12,570 ಪೌಂಡಿನ ವೈಯಕ್ತಿಕ ರಿಯಾಯಿತಿ 2021ರಿಂದ ಅಲುಗಾಡಿಲ್ಲ. 2025ರ ನವೆಂಬರಿನ ಮುಂಗಡಪತ್ರ ಅದನ್ನು 2031ರವರೆಗೆ ಹಾಗೆಯೇ ಇಡುವುದಾಗಿ ಹೇಳಿದೆ. ಬೆಲೆ, ಸಂಬಳ ಏರುತ್ತಿರುವಾಗ ಗೆರೆ ನಿಂತಲ್ಲೇ ನಿಂತರೆ ದರ ಏರಿಸದೆಯೇ ತೆರಿಗೆ ಏರುತ್ತದೆ.

ಈಗ ಒಬ್ಬರೇ ದುಡಿಯುವ ಮನೆಯ ಮಾತು. ಅಕ್ಕಪಕ್ಕದ ಎರಡು ಮನೆ. ಒಂದರಲ್ಲಿ ಗಂಡ ಹೆಂಡಿರಿಬ್ಬರೂ ತಲಾ 30,000 ದುಡಿಯುತ್ತಾರೆ. ಇನ್ನೊಂದರಲ್ಲಿ ಒಬ್ಬರೇ 60,000. ಒಟ್ಟು ವರಮಾನ ಒಂದೇ. 2025–26ರ ದರದಲ್ಲಿ ಮೊದಲ ಮನೆಗೆ ಉಳಿಯುವುದು ಸುಮಾರು 50,239 ಪೌಂಡು. ಎರಡನೆಯದಕ್ಕೆ ಸುಮಾರು 45,357. ವ್ಯತ್ಯಾಸ ವರ್ಷಕ್ಕೆ 4,882 ಪೌಂಡು, ತಿಂಗಳಿಗೆ ಸುಮಾರು 407. ಕಾರಣ ಎರಡು: ಎರಡನೆಯ ಮನೆಯಲ್ಲಿ ಒಂದು ವೈಯಕ್ತಿಕ ರಿಯಾಯಿತಿ ವ್ಯರ್ಥವಾಯಿತು, 50,270 ದಾಟಿದ ಭಾಗಕ್ಕೆ 40ರ ದರ ಬಿತ್ತು.

ಚೈಲ್ಡ್ ಬೆನಿಫಿಟ್ಟಿನ ಕಥೆಯೂ ಹೀಗೆಯೇ ಆಯಿತು. 2013ರ ಜನವರಿಯಿಂದ, ತಂದೆ ತಾಯಿಯರಲ್ಲಿ ಒಬ್ಬರ ವರಮಾನ 50,000 ದಾಟಿದರೆ ಅದನ್ನು ತೆರಿಗೆಯ ಮೂಲಕ ಹಿಂದಕ್ಕೆ ಪಡೆಯತೊಡಗಿದರು. 60,000ಕ್ಕೆ ಪೂರ್ತಿ ಹೋಗುತ್ತಿತ್ತು. ಇಬ್ಬರೂ ತಲಾ 50,000 ದುಡಿದು ಮನೆಗೆ ಲಕ್ಷ ಪೌಂಡು ತರುವವರು ಪೂರ್ತಿ ಇಟ್ಟುಕೊಳ್ಳುತ್ತಿದ್ದರು. ಒಬ್ಬರೇ 60,000 ದುಡಿಯುವ ಮನೆಗೆ ಸೊನ್ನೆ. 2024ರ ಏಪ್ರಿಲಿನಿಂದ ಗೆರೆಯನ್ನು 60,000ದಿಂದ 80,000ಕ್ಕೆ ಸರಿಸಿದ್ದಾರೆ. ವಕ್ರ ಕಡಿಮೆಯಾಗಿದೆ, ನೇರವಾಗಿಲ್ಲ. ಇಡೀ ಮನೆಯ ವರಮಾನ ನೋಡುವ ಯೋಚನೆಯನ್ನು 2024ರ ಅಕ್ಟೋಬರಿನಲ್ಲಿ ಕೈಬಿಟ್ಟರು.

ನಮ್ಮ ಸಂಸಾರಗಳಿಗೆ ಇದು ತಾಗುವ ಬಗೆಯೇ ಬೇರೆ. ಇಲ್ಲಿ ಒಬ್ಬರೇ ದುಡಿಯುವುದು ಅನೇಕ ಸಲ ಆಯ್ಕೆಯಲ್ಲ. ಊರಿನಲ್ಲಿ ದಂತವೈದ್ಯೆಯೋ ಅಧ್ಯಾಪಕಿಯೋ ಆಗಿದ್ದವರು ಇಲ್ಲಿಯ ಪರೀಕ್ಷೆ, ನೋಂದಣಿ ಮುಗಿಯುವವರೆಗೆ ಕಾಯಬೇಕು. ಮಗುವನ್ನು ನೋಡಿಕೊಳ್ಳಲು ಅಜ್ಜಿಗೆ ಆರು ತಿಂಗಳಿಗಿಂತ ಹೆಚ್ಚು ಇರಲು ಬಿಡುವುದಿಲ್ಲ. ವೀಸಾದ ಮೇಲೆ ಇರುವವರಲ್ಲಿ ಬಹಳ ಮಂದಿಗೆ ಚೈಲ್ಡ್ ಬೆನಿಫಿಟ್ಟೇ ಇಲ್ಲ. ಸಾರ್ವಜನಿಕ ನಿಧಿಗೆ ಹಕ್ಕಿಲ್ಲ ಎಂದು ವೀಸಾದಲ್ಲೇ ಬರೆದಿರುತ್ತದೆ. ಅವರಿಗೆ ಉಳಿಯುವ ಒಂದು ಸಣ್ಣ ಅನುಕೂಲವನ್ನು ಇಲ್ಲಿ ಹೇಳಬೇಕು. 2015ರಿಂದ ಬಂದಿರುವ ‘ಮ್ಯಾರೇಜ್ ಅಲವೆನ್ಸ್’ ಪ್ರಕಾರ, 12,570ಕ್ಕಿಂತ ಕಡಿಮೆ ವರಮಾನವಿರುವ ಗಂಡನೋ ಹೆಂಡತಿಯೋ ತನ್ನ ರಿಯಾಯಿತಿಯಲ್ಲಿ 1,260 ಪೌಂಡನ್ನು ಮೂಲ ದರದಲ್ಲಿರುವ ಇನ್ನೊಬ್ಬರಿಗೆ ಕೊಡಬಹುದು. ವರ್ಷಕ್ಕೆ 252 ಪೌಂಡು ಉಳಿತಾಯ. ಹಿಂದಿನ ನಾಲ್ಕು ವರ್ಷಕ್ಕೂ ಕೇಳಬಹುದು. ಇದು ತೆರಿಗೆಯ ರಿಯಾಯಿತಿಯೇ ಹೊರತು ಸಾರ್ವಜನಿಕ ನಿಧಿಯಲ್ಲ. ಕೇಳದೆ ಯಾರೂ ಕೊಡುವುದಿಲ್ಲ. ಅರ್ಜಿ ಹಾಕಲು ಹಣ ಕೊಟ್ಟು ಯಾರನ್ನೂ ಹಿಡಿಯಬೇಕಿಲ್ಲ.

1990ಕ್ಕೆ ಮೊದಲಿನ ವ್ಯವಸ್ಥೆಗೆ ಮರಳಬೇಕೆಂದು ಯಾರೂ ಹೇಳಲಾರರು. ಹೆಣ್ಣುಮಗಳ ವರಮಾನ ಅವಳದೇ, ಅವಳ ಕಾಗದಕ್ಕೆ ಉತ್ತರ ಅವಳಿಗೇ ಎಂಬುದು ಗಳಿಸಿಕೊಂಡ ನ್ಯಾಯ. ಇಬ್ಬರೂ ದುಡಿಯುವ ಮನೆಯವರು ಶಿಶುವಿಹಾರಕ್ಕೆ ತೆರುವ ಹಣ ಸಾಮಾನ್ಯವಾದದ್ದಲ್ಲ ಎಂಬುದೂ ನಿಜ. ಆದರೆ ತೆರಿಗೆ ವ್ಯಕ್ತಿಗೆ, ಹೊಟ್ಟೆ ಸಂಸಾರಕ್ಕೆ. ಇವೆರಡನ್ನೂ ಹೊಂದಿಸುವ ದಾರಿ ಇಲ್ಲದಿಲ್ಲ: ವರ್ಗಾಯಿಸಬಹುದಾದ ರಿಯಾಯಿತಿ ಹತ್ತನೆಯ ಒಂದು ಪಾಲಿಗೇ ನಿಲ್ಲಬೇಕಾಗಿಲ್ಲ, ಮಕ್ಕಳ ಹಣಕ್ಕೆ ಮನೆಯ ಒಟ್ಟು ವರಮಾನವನ್ನು ನೋಡಬಹುದು. ಬಾಂಬು ಬೀಳುತ್ತಿದ್ದ 1941ರಲ್ಲಿ, ಕಾಗದ ಪೆನ್ಸಿಲ್ಲು ಹಿಡಿದು, ಪಾರ್ಕ್ ರಾಯಲ್ಲಿನ ಪ್ರತಿ ಕಾರ್ಮಿಕನ ಮನೆಯ ಬಾಯಿಗಳನ್ನು ಎಣಿಸಿದ ಸರ್ಕಾರಕ್ಕೆ ಗಣಕಯಂತ್ರಗಳ ಈ ಕಾಲದಲ್ಲಿ ಅದು ಕಷ್ಟ ಎಂದರೆ ಒಪ್ಪುವುದು ಹೇಗೆ?

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಏಪ್ರಿಲಿನಲ್ಲಿ ಬರುವ ತೆರಿಗೆ ಕೋಡಿನ ಕಾಗದವನ್ನು ಓದದೆ ಎತ್ತಿಡಬೇಡಿ. ಕೋಡು ಸರಿಯಾಗಿದೆಯೇ, ಹಳೆಯ ಕೆಲಸದ ಪಿ-45 ಹೊಸ ಮಾಲೀಕರಿಗೆ ತಲುಪಿತೇ, ವರ್ಷದ ಕೊನೆಯ ಪಿ-60 ಜೋಪಾನವಾಗಿದೆಯೇ ನೋಡಿಕೊಳ್ಳಿ. ದುಡಿಯುವವರು ಒಬ್ಬರೇ ಆದರೂ ಲೆಕ್ಕವನ್ನು ಇಬ್ಬರೂ ಕೂತು ನೋಡುವುದು ಒಳ್ಳೆಯದು.